ಲೋ ಫ್ಯಾಟ್ ಸ್ಟ್ರಾಬೆರಿ ಮೊಸರು ದಿನಾ ತಿನ್ನಬಹುದಾ?

ಕೋಡಿಬಾಗ_ಗಾಳಿ (ಕಾರವಾರ):
ಎಲ್ಲರಿಗೂ ನಮಸ್ಕಾರ. ಸಂಜೆ ಆಫೀಸಿನಿಂದ ಬರುವಾಗ ಬನ್ಸು, ಮಿರ್ಚಿ ಭಜಿ ತಿನ್ನುವ ಚಾಳಿ ಬಿಡಬೇಕು ಅಂತ ಈಗ ಲೋ ಫ್ಯಾಟ್ ಸ್ಟ್ರಾಬೆರಿ ಯೋಗರ್ಟ್ ಕಪ್ ತಂದಿಟ್ಟುಕೊಳ್ಳುತ್ತಿದ್ದೇನೆ. ರುಚಿ ಚೆನ್ನಾಗಿದೆ, ಹೊಟ್ಟೆಗೂ ಹಗುರ. ನಮ್ಮ ಅತ್ತೆಗೆ ಶುಗರ್ ಬಾರ್ಡರ್‌ನಲ್ಲಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಮೊಸರು ತಾನೇ, ಕೊಬ್ಬೂ ಕಡಿಮೆ ಅಂತ ಅವರಿಗೂ ಒಂದು ಕಪ್ ಕೊಡ್ತಾ ಇದ್ದೇನೆ. ನಮ್ಮವರು ಮಾತ್ರ "ಇದು ಮೊಸರಲ್ಲ, ಸ್ವೀಟು" ಅಂತ ದಿನಾ ರಗಳೆ.

ಕಪ್ಪಿನ ಹಿಂದೆ ಇರೋದನ್ನ ಹಾಗೇ ಬರೆಯುತ್ತೇನೆ. 100 ಗ್ರಾಂಗೆ: ಶಕ್ತಿ 90 ಕ್ಯಾಲೊರಿ, ಪ್ರೋಟೀನ್ 3.6 ಗ್ರಾಂ, ಕಾರ್ಬೋಹೈಡ್ರೇಟ್ 15.5, ಅದರಲ್ಲಿ ಒಟ್ಟು ಸಕ್ಕರೆ 14.5, ಸೇರಿಸಿದ ಸಕ್ಕರೆ 10, ಕೊಬ್ಬು 1.5. ಕಪ್ಪೂ 100 ಗ್ರಾಮಿನದ್ದೇ. ಇದು ಒಳ್ಳೇದಾ, ಕೆಟ್ಟದ್ದಾ? ತಿಳಿದವರು ಹೇಳಿ.

ಲೆಕ್ಕದ_ಮೇಷ್ಟ್ರು (ಕುಮಟಾ):
ನಿಮ್ಮ ಯಜಮಾನರು ಪೂರ್ತಿ ಸರಿ ಅಲ್ಲ, ಆದರೆ ಅರ್ಧಕ್ಕಿಂತ ಜಾಸ್ತಿ ಸರಿ.

ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿಗೆ 9. ನಿಮ್ಮ ಕಪ್ಪಿನಲ್ಲಿ ಸೇರಿಸಿದ ಸಕ್ಕರೆ 10 ಗ್ರಾಂ, ಅಂದರೆ 40 ಕ್ಯಾಲೊರಿ. ಒಟ್ಟು 90ರಲ್ಲಿ 40 ಬರೀ ಸಕ್ಕರೆಯಿಂದ ಬಂತು. ಚಮಚದ ಲೆಕ್ಕದಲ್ಲಿ ಎರಡೂವರೆ ಟೀ ಚಮಚ. ಉಳಿದ 4.5 ಗ್ರಾಂ ಸಕ್ಕರೆ ಹಾಲಿನದ್ದೇ, ಲ್ಯಾಕ್ಟೋಸ್. ಅದು ಸಪ್ಪೆ ಮೊಸರಲ್ಲೂ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು ವಿಷಯ ಯಾರೂ ನೋಡಲ್ಲ. ನಮ್ಮ ದೇಶದ ನಿಯಮದಲ್ಲಿ ಗಟ್ಟಿ ಪದಾರ್ಥದ ಮೇಲೆ 'ಲೋ ಫ್ಯಾಟ್' ಅಂತ ಬರೆಯಬೇಕಾದರೆ 100 ಗ್ರಾಂನಲ್ಲಿ ಕೊಬ್ಬು 3 ಗ್ರಾಂ ಮೀರಬಾರದು. ನಂದಿನಿ ನೀಲಿ ಪ್ಯಾಕೆಟ್ ಹಾಲಿನಲ್ಲಿ ಕೊಬ್ಬು ಇರೋದೇ ಶೇ. 3! ಅದಕ್ಕೆ ಹೆಪ್ಪು ಹಾಕಿದರೆ ನಿಮ್ಮ ಮನೆ ಮೊಸರೂ ಹೆಚ್ಚುಕಮ್ಮಿ ಆ ಗೆರೆ ಮೇಲೇ ನಿಂತಿದೆ. ಕ್ಯಾಲೊರಿ ನೋಡಿದರೆ 100 ಗ್ರಾಂಗೆ 60ರ ಸುತ್ತಮುತ್ತ. ನೀವು ದುಡ್ಡು ಕೊಟ್ಟು ಒಂದೂವರೆ ಗ್ರಾಂ ಕೊಬ್ಬು ಉಳಿಸಿ 10 ಗ್ರಾಂ ಸಕ್ಕರೆ ತಗೊಂಡಿರಿ. ಎಮ್ಮೆ ಹಾಲಿನ ಮೊಸರಾದರೆ ಮಾತು ಬೇರೆ, ಅಲ್ಲಿ ಕೊಬ್ಬು ಶೇ. 6ರ ಮೇಲೆ.

ಮಲೆನಾಡ_ಮಜ್ಜಿಗೆ (ಶಿರಸಿ):
ಮೇಷ್ಟ್ರೇ, ಒಳ್ಳೇ ಲೆಕ್ಕ. ನನಗೆ ಈ ಕಪ್‌ಗಳ ಗಲಾಟೆಯೇ ಅರ್ಥ ಆಗಲ್ಲ ಮಾರಾಯ್ರೇ. ಮನೆ ಮೊಸರಿಗೆ ಒಂದು ಚಮಚ ಜೋನಿ ಬೆಲ್ಲ ಬಿಟ್ಟುಕೊಂಡು ತಿನ್ನಿ. ಸ್ಟ್ರಾಬೆರಿ ಬೇಡ, ಬಣ್ಣ ಬೇಡ.

ನಿತ್ಯ_ಊಟ (ಹೊನ್ನಾವರ):
ಶಿರಸಿಯವರೇ, ಬೆಲ್ಲ ಅಂದ ಕೂಡಲೇ ಪಾಸ್ ಮಾಡಬೇಡಿ. ಜೋನಿ ಬೆಲ್ಲದಲ್ಲಿ ಇರೋದೂ ಮುಖ್ಯವಾಗಿ ಸಕ್ಕರೆಯೇ. ರುಚಿ ಬೇರೆ, ಸ್ವಲ್ಪ ಖನಿಜ ಇದೆ, ಅಷ್ಟೇ. ಶುಗರ್ ಬಾರ್ಡರ್‌ನಲ್ಲಿ ಇರುವ ಅತ್ತೆಗೆ ಅದೇನೂ ದಾರಿ ಅಲ್ಲ.

ನಾನು ಆಹಾರ ಸಲಹೆ ಕೊಡುವ ಕೆಲಸದಲ್ಲಿದ್ದೇನೆ, ದಿನಾ ಇದೇ ಪ್ರಶ್ನೆ ಬರುತ್ತದೆ. ಕಪ್ಪಿನಲ್ಲಿ ಒಳ್ಳೇದೂ ಇದೆ, ಅದನ್ನೂ ಹೇಳಬೇಕು. ಕೊಬ್ಬು ತೆಗೆದರೂ ಕ್ಯಾಲ್ಸಿಯಂ ಹೋಗಲ್ಲ, ಅದು ಕೊಬ್ಬಿನಲ್ಲಿ ಇರಲ್ಲ. ಮೊಸರಿನಲ್ಲಿ 100 ಗ್ರಾಂಗೆ ಸುಮಾರು 120 ಮಿಲಿಗ್ರಾಂ ಸಿಗುತ್ತದೆ. ಕೆನೆರಹಿತ ಹಾಲಿನ ಪುಡಿ ಹಾಕಿದ್ದರೆ ಇನ್ನೂ ಜಾಸ್ತಿ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುತ್ತದೆ. ಕಡಿಮೆಯಾಗೋದು ವಿಟಮಿನ್ ಎ, ಯಾಕಂದ್ರೆ ಅದು ಕೊಬ್ಬಿನ ಜೊತೆಗೇ ಹೋಗುತ್ತದೆ.

ಕೊಬ್ಬು ತೆಗೆದ ಮೊಸರು ತೆಳ್ಳಗಾಗಿ ಹುಳಿ ಮುಂದೆ ಬರುತ್ತದೆ. ಅದನ್ನು ಮುಚ್ಚೋಕೆ ಸಕ್ಕರೆ, ಮಂದ ಮಾಡೋಕೆ ಪೆಕ್ಟಿನ್ ಅಥವಾ ಮಾರ್ಪಡಿಸಿದ ಪಿಷ್ಟ. ಪೆಕ್ಟಿನ್ ಅಂದರೆ ಹೆದರಬೇಡಿ, ಹಣ್ಣಿನ ಸಿಪ್ಪೆಯಿಂದ ಬರುವಂಥದ್ದು, ಲೇಬಲ್‌ನಲ್ಲಿ ಐಎನ್ಎಸ್ 440 ಅಂತ ಇರುತ್ತದೆ (ಐಎನ್ಎಸ್ ಅಂದರೆ ಆಹಾರಕ್ಕೆ ಸೇರಿಸುವ ಬಣ್ಣ, ಸಿಹಿ ಇತ್ಯಾದಿಗಳಿಗೆ ಕೊಟ್ಟ ಸಂಖ್ಯೆ). ಕೆಂಪು ಬಣ್ಣಕ್ಕೆ ಕೆಲವರು ಐಎನ್ಎಸ್ 120 ಹಾಕುತ್ತಾರೆ. ಅದು ಹುಳದಿಂದ ತೆಗೆದ ಬಣ್ಣ, ಸಸ್ಯಾಹಾರಿಗಳು ಹಸಿರು ಚುಕ್ಕಿ ನೋಡಿಯೇ ತಗೊಳ್ಳಿ.

ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲೇ ಇರುತ್ತದೆ. ಹಾಲಿನ ನಂತರ ಸಕ್ಕರೆ, ಆಮೇಲೆ ಎಲ್ಲೋ ಕೆಳಗೆ ಹಣ್ಣು ಬಂದರೆ ಅದರಲ್ಲಿ ಹಣ್ಣು ಎಷ್ಟಿದೆ ಅಂತ ನೀವೇ ಊಹಿಸಿ. ಇನ್ನು 'ಥರ್ಮೈಸ್ಡ್' ಅಂತಲೋ, ಹೆಪ್ಪುಗಟ್ಟಿದ ಮೇಲೆ ಬಿಸಿ ಮಾಡಿದ್ದು ಅಂತಲೋ ಇದ್ದರೆ ಅದರಲ್ಲಿ ಮೊಸರಿನ ಜೀವಂತ ಬ್ಯಾಕ್ಟೀರಿಯಾ ಉಳಿದಿರಲ್ಲ, ಹೊಟ್ಟೆಗೆ ಒಳ್ಳೇದು ಅಂತ ಕೊಡಬೇಡಿ.

ಅತ್ತೆಯವರಿಗೆ ಮಾತ್ರ ಅವರ ಡಾಕ್ಟರ್ ಹೇಳಿದ್ದೇ ಕೊನೆ. ಸಪ್ಪೆ ಮೊಸರು ಬಹುತೇಕರಿಗೆ ನಡೆಯುತ್ತದೆ. ಸಿಹಿ ಕಪ್ ದಿನಾ ಬೇಡ.

ಇಶಾಡ_ಪ್ರೇಮಿ (ಅಂಕೋಲಾ):
ಎಲ್ಲರೂ ಸೇರಿ ಪಾಪದ ಕಪ್ಪನ್ನ ಇಷ್ಟು ಬೈಯಬೇಕಾ? ಅಕ್ಕ ಬಿಟ್ಟಿದ್ದು ಎಣ್ಣೆಯಲ್ಲಿ ಕರಿದ ಬನ್ಸು, ಭಜಿ. ಅದರ ಜಾಗಕ್ಕೆ 90 ಕ್ಯಾಲೊರಿ ಬಂದಿದೆ. ಡಬ್ಬದ ಮೇಲಿನ ದಿನದ ಲೆಕ್ಕ 2000 ಕ್ಯಾಲೊರಿಗೆ, ಸೇರಿಸಿದ ಸಕ್ಕರೆ 50 ಗ್ರಾಂವರೆಗೆ ಅಂತ ಹಿಡಿದಿದ್ದು. ಅದರಲ್ಲಿ 10 ಗ್ರಾಂ ಅಂದರೆ ಶೇ. 20. ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿದರೆ ಸರಿ ಹೋಗುತ್ತದೆ. ಸಿಹಿನೇ ಬೇಕು ಅಂದರೆ ಮೇ ತಿಂಗಳಲ್ಲಿ ಕರಿ ಇಶಾಡ ಮಾವಿನ ಎರಡು ಹೋಳು ಮೊಸರಿಗೆ ಹಿಸುಕಿ ಹಾಕಿ. ಸ್ಟ್ರಾಬೆರಿ ಫ್ಲೇವರ್ ಹತ್ತಿರಕ್ಕೂ ಬರಲ್ಲ. ನಮ್ಮೂರ ಹಣ್ಣು ಅಂತ ಹೇಳ್ತಿಲ್ಲ, ಹೇಳ್ತಿದ್ದೇನೆ ಅಂತಲೇ ಇಟ್ಟುಕೊಳ್ಳಿ.

ಲೆಕ್ಕದ_ಮೇಷ್ಟ್ರು (ಕುಮಟಾ):
ಅಂಕೋಲೆಯವರೇ, ಆ 50 ಗ್ರಾಂ ಮೇಲಿನ ಮಿತಿ, ಗುರಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಅದರ ಅರ್ಧಕ್ಕೆ, ಅಂದರೆ 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೇದು ಅಂದಿದೆ. ಆ ಲೆಕ್ಕದಲ್ಲಿ ಒಂದೇ ಕಪ್ ಶೇ. 40 ತಿಂದುಹಾಕಿತು. ಬನ್ಸಿಗಿಂತ ವಾಸಿ ಅನ್ನೋದು ಒಪ್ಪಿದೆ.

ಕೋಡಿಬಾಗ_ಗಾಳಿ (ಕಾರವಾರ):
ಎಲ್ಲರಿಗೂ ಥ್ಯಾಂಕ್ಸ್. ಅತ್ತೆಗೆ ನಾಳೆಯಿಂದ ಸಪ್ಪೆ ಮೊಸರೇ. ಆದರೆ ಇಲ್ಲಿಯ ಸೆಕೆಗೆ ಮನೆ ಮೊಸರು ಸಂಜೆ ಹೊತ್ತಿಗೆ ಹುಳಿ ಹತ್ತಿರುತ್ತದೆ, ಅದಕ್ಕೇನು ಮಾಡೋದು? ಮತ್ತೆ ಅಂಗಡಿಯಲ್ಲಿ 'ಸೇರಿಸಿದ ಸಕ್ಕರೆ ಇಲ್ಲ' ಅಂತ ಬರೆದ ಕಪ್ಪೂ ಇದೆ, ಅದು ಆಗಬಹುದಾ?

ನಿತ್ಯ_ಊಟ (ಹೊನ್ನಾವರ):
ರಾತ್ರಿ ಮಲಗುವಾಗ ಹೆಪ್ಪು ಕಡಿಮೆ ಹಾಕಿ, ಬೆಳಿಗ್ಗೆ ಗಟ್ಟಿಯಾದ ಕೂಡಲೇ ಫ್ರಿಜ್‌ಗೆ ಸೇರಿಸಿ. ಹೊರಗೆ ಬಿಟ್ಟಷ್ಟೂ ಹುಳಿ ಏರುತ್ತದೆ. ಸಂಜೆಗೆ ಬೇಕಾದಷ್ಟು ಮೊಸರನ್ನ ತೆಳು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್‌ನಲ್ಲೇ ಎರಡು ಮೂರು ಗಂಟೆ ಸೋರಿಸಿದರೆ ಚಕ್ಕಾ ಥರ ಮಂದ ಆಗುತ್ತದೆ. ಹುಳಿಯೂ ಸ್ವಲ್ಪ ನೀರಿನ ಜೊತೆ ಇಳಿಯುತ್ತದೆ, ಪ್ರೋಟೀನ್ ಸಾಂದ್ರವಾಗುತ್ತದೆ. ಗ್ರೀಕ್ ಯೋಗರ್ಟ್ ಅಂತ ದುಬಾರಿಗೆ ಮಾರೋದೂ ಹೆಚ್ಚುಕಮ್ಮಿ ಇದನ್ನೇ. ಸೋರಿದ ನೀರು ಚೆಲ್ಲಬೇಡಿ, ಕ್ಯಾಲ್ಸಿಯಂ ಅದರಲ್ಲೂ ಇದೆ, ಚಪಾತಿ ಹಿಟ್ಟು ಕಲಸೋಕೆ ಆಗುತ್ತದೆ.

'ಸೇರಿಸಿದ ಸಕ್ಕರೆ ಇಲ್ಲ' ಅನ್ನೋ ಕಪ್ಪಿನ ಹಿಂದೆ ಐಎನ್ಎಸ್ 955 ಇದೆಯಾ ನೋಡಿ. ಅದು ಸುಕ್ರಲೋಸ್, ಕೃತಕ ಸಿಹಿ. ರಕ್ತದ ಸಕ್ಕರೆ ಏರಿಸಲ್ಲ ನಿಜ, ಆದರೆ ಅತ್ತೆಗೆ ಸಿಹಿಯ ಚಟ ಬಿಡಿಸೋಕೆ ಹೊರಟವರು ಅದನ್ನ ತರೋದು ಯಾಕೆ ಅಂತ ನನ್ನ ಅಭಿಪ್ರಾಯ.