ಲಕ್ವಾ ಹೊಡೆದವರಿಗೆ ಇಸಿಜಿ ಏಕೆ? ಒಮ್ಮೆ ಮಾಡಿದ ಮೇಲೆ ಹೋಲ್ಟರ್ ಏಕೆ?

ಪ್ರಶ್ನೆ – ಸುರಪುರದಿಂದ

ಎಲ್ಲರಿಗೂ ಶರಣು. ನಮ್ಮ ಕಾಕಾ ಅವರಿಗೆ 68 ವರ್ಷ, ಬಿಪಿ ಇದೆ. ಹದಿನೈದು ದಿನಗಳ ಹಿಂದೆ ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಅವರ ಬಲಗೈ ಸೋತು ಮಾತು ತೊದಲಿತು. ಶಹಾಪುರ, ಜೇವರ್ಗಿ ದಾಟಿ ಕಲಬುರಗಿ ಮುಟ್ಟುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣದ ಕಾರಣ, ರಕ್ತನಾಳ ಕಟ್ಟಿಕೊಂಡು ಆದ ಲಕ್ವಾ ಎಂದು ನಿರ್ಧರಿಸಿ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರು. ಈಗ ಕೈ ಬಹುಮಟ್ಟಿಗೆ ಸುಧಾರಿಸಿದೆ.

ಬಿಡುಗಡೆಯ ಕಾಗದದಲ್ಲಿ ಇಸಿಜಿಯ ಬಗ್ಗೆ ‘ಲಯ ಸರಿಯಿದೆ, ಟಿ ಅಲೆಗಳು ತಲೆಕೆಳಗಾಗಿವೆ’ ಎಂದು ಬರೆದು, ಎಕೋ (ಹೃದಯದ ಸ್ಕ್ಯಾನ್) ಮತ್ತು ಹೋಲ್ಟರ್ (ಮೈಗೆ ಯಂತ್ರ ಕಟ್ಟಿ ಬಹಳ ಹೊತ್ತಿನ ಹೃದಯಬಡಿತವನ್ನು ದಾಖಲಿಸುವ ಪರೀಕ್ಷೆ) ಮಾಡಿಸಲು ಸೂಚಿಸಿದ್ದಾರೆ. ಕೆಟ್ಟದ್ದು ಮಿದುಳು, ಎದೆಗೇಕೆ ಪರೀಕ್ಷೆ ಎಂದು ಮನೆಯ ಹಿರಿಯರು ಕೇಳುತ್ತಿದ್ದಾರೆ. ಲಯ ಸರಿಯಿದ್ದ ಮೇಲೆ ಮತ್ತೆ ಅದನ್ನೇ ನೋಡುವ ಅಗತ್ಯವೇನು? ಕಾಕಾ ಅವರಿಗೆ ಹೃದಯಾಘಾತವೂ ಆಗಿತ್ತೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ – ತುರ್ತು ಚಿಕಿತ್ಸಾ ವೈದ್ಯೆ, ಕಲಬುರಗಿ

ಶರಣು. ನಿಮ್ಮ ಕಾಕಾ ಅವರ ಕಾಗದಗಳನ್ನು ನಾನು ನೋಡಿಲ್ಲ. ಆದ್ದರಿಂದ ಎಲ್ಲ ರೋಗಿಗಳಿಗೂ ಅನ್ವಯಿಸುವ ಮಾತನ್ನಷ್ಟೇ ಹೇಳುತ್ತೇನೆ.

ರಕ್ತನಾಳ ಕಟ್ಟಿಕೊಂಡು ಆಗುವ ಲಕ್ವಾಗಳಲ್ಲಿ ಸುಮಾರು ಶೇ. 20ರಿಂದ 25ರಷ್ಟರಲ್ಲಿ ಹೆಪ್ಪು ಬಂದದ್ದು ಹೃದಯದಿಂದ. ಇವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ಕ್ರಮವಾಗಿ ಕುಗ್ಗುವುದನ್ನು ಬಿಟ್ಟು ಬರಿದೆ ಅದುರತೊಡಗಿದಾಗ, ಎಡಗಡೆಯ ಮೇಲಿನ ಕೋಣೆಗೆ ಅಂಟಿಕೊಂಡಿರುವ ಪುಟ್ಟ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಅದರ ಚೂರು ಕಳಚಿ ಮಿದುಳಿನ ನಾಳಕ್ಕೆ ಸೇರಿದರೆ ಲಕ್ವಾ. ಈ ತೊಂದರೆಯಿದ್ದವರಿಗೆ ಲಕ್ವಾದ ಅಪಾಯ ಸುಮಾರು 5 ಪಟ್ಟು ಹೆಚ್ಚು. ಅದು ಪತ್ತೆಯಾದರೆ ಔಷಧವೇ ಬದಲಾಗುತ್ತದೆ: ಆಸ್ಪಿರಿನ್ ಸಾಲುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬೇರೆ ಮಾತ್ರೆ ಬೇಕಾಗುತ್ತದೆ.

ತೊಡಕಿರುವುದು ಇಲ್ಲಿ. ಸಾಮಾನ್ಯ ಇಸಿಜಿ ಹಿಡಿದಿಡುವುದು ಸುಮಾರು 10 ಸೆಕೆಂಡುಗಳ ಹೃದಯಬಡಿತವನ್ನು ಮಾತ್ರ. ಈ ಅದುರುವಿಕೆಯಾದರೋ ಅನೇಕರಲ್ಲಿ ಬಂದು ಹೋಗುವಂಥದ್ದು, ರೋಗಿಗೆ ಅರಿವಿಗೇ ಬಾರದೆ ಇರಬಹುದಾದದ್ದು. 2014ರಲ್ಲಿ ಪ್ರಕಟವಾದ ಎಂಬ್ರೇಸ್ ಎಂಬ ಕೆನಡಾದ ಅಧ್ಯಯನದಲ್ಲಿ, ಲಕ್ವಾಕ್ಕೆ ಕಾರಣ ತಿಳಿಯದೆ ಉಳಿದಿದ್ದ, 55 ವರ್ಷ ಮೇಲ್ಪಟ್ಟ ರೋಗಿಗಳ ಪೈಕಿ, 24 ಗಂಟೆ ನಿಗಾ ಇಟ್ಟ ಗುಂಪಿನಲ್ಲಿ ಶೇ. 3.2ರಷ್ಟು ಮಂದಿಗೆ ಇದು ಪತ್ತೆಯಾದರೆ, 30 ದಿನ ನಿಗಾ ಇಟ್ಟ ಗುಂಪಿನಲ್ಲಿ ಶೇ. 16.1ರಷ್ಟು ಮಂದಿಗೆ ಪತ್ತೆಯಾಯಿತು. ಎಂದರೆ ಮೊದಲ ಇಸಿಜಿ ಹೇಳಿದ್ದು ‘ಆ ಹತ್ತು ಸೆಕೆಂಡುಗಳಲ್ಲಿ ಇರಲಿಲ್ಲ’ ಎಂದಷ್ಟೇ.

ಇನ್ನು ಟಿ ಅಲೆಯ, ಎಂದರೆ ಇಸಿಜಿಯಲ್ಲಿ ಪ್ರತಿ ಬಡಿತದ ಕೊನೆಗೆ ಮೂಡುವ ಅಲೆಯ ವಿಷಯ. ಮಿದುಳಿಗೆ ಪೆಟ್ಟಾದಾಗ, ವಿಶೇಷವಾಗಿ ಇನ್ಸುಲಾ ಎಂಬ ಭಾಗ ಹಾನಿಗೊಂಡಾಗ, ಹೃದಯವನ್ನು ನಿಯಂತ್ರಿಸುವ ನರವ್ಯವಸ್ಥೆ ಏರುಪೇರಾಗಿ, ಟಿ ಅಲೆ ತಲೆಕೆಳಗಾಗುವುದೂ ಕ್ಯೂಟಿ ಅಂತರ (ಕೆಳಗಿನ ಕೋಣೆಗಳ ಬಡಿತದ ಆರಂಭದಿಂದ ಟಿ ಅಲೆಯ ಕೊನೆಯವರೆಗಿನ ಅವಧಿ) ಉದ್ದವಾಗುವುದೂ ಉಂಟು. ಬಹಳ ದಿನದ ಬಿಪಿಯಿಂದ ಹೃದಯದ ಗೋಡೆ ದಪ್ಪಗಾದವರಲ್ಲಿಯೂ ಇಂಥ ಬದಲಾವಣೆ ಕಾಣುತ್ತದೆ. ಹೃದಯಾಘಾತವೂ ಆಗಿರಬಹುದು, ಅದರಿಂದಲೇ ಹೃದಯದಲ್ಲಿ ಹೆಪ್ಪು ಕಟ್ಟಿರಲೂಬಹುದು. ಇಸಿಜಿಯೊಂದನ್ನೇ ನೋಡಿ ಇವುಗಳನ್ನು ಬೇರ್ಪಡಿಸಲಾಗದು. ಹೃದಯದ ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ, ಮತ್ತೊಮ್ಮೆ ತೆಗೆದ ಇಸಿಜಿ ಹಾಗೂ ಎಕೋ ಒಟ್ಟಾಗಿ ಉತ್ತರ ಕೊಡುತ್ತವೆ. ನಿಮಗೆ ಎಕೋ ಬರೆದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಉತ್ತರ – ಇಸಿಜಿ ತಂತ್ರಜ್ಞ, ಯಾದಗಿರಿ

ಡಾಕ್ಟರಮ್ಮನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಲಕ್ವಾ ರೋಗಿಯ ಇಸಿಜಿ ತೆಗೆಯುವುದು ಅಷ್ಟು ಸುಲಭವಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರಿಗೆ ಎದೆಯ ಮೇಲಿನ ಬಟ್ಟಲುಗಳು ಜಾರುತ್ತವೆ. ಗಾಬರಿಗೊಂಡ ರೋಗಿ ನಡುಗುತ್ತಿದ್ದರೆ ಗೆರೆಯೂ ನಡುಗುತ್ತದೆ. ಆ ನಡುಕವನ್ನೇ ಯಂತ್ರ ಏಟ್ರಿಯಲ್ ಫಿಬ್ರಿಲೇಷನ್ ಎಂದು ಮುದ್ರಿಸಿದ್ದನ್ನು ಕಂಡಿದ್ದೇನೆ. ಪಿ ಅಲೆ (ಮೇಲಿನ ಕೋಣೆಗಳು ಕ್ರಮವಾಗಿ ಬಡಿದಾಗ ಮೂಡುವ ಅಲೆ) ಇದೆಯೇ, ಬಡಿತಗಳ ನಡುವಿನ ಅಂತರ ಒಂದೇ ಸಮನಾಗಿದೆಯೇ ಎಂಬುದನ್ನು ಕಣ್ಣಿನಿಂದ ನೋಡಿಯೇ ತೀರ್ಮಾನಿಸಬೇಕು. ಯಂತ್ರ ಬರೆದ ಒಕ್ಕಣೆಯನ್ನು ಓದಿ ಮನೆಯವರು ಹೆದರುವುದೂ ಬೇಡ, ನಿಶ್ಚಿಂತರಾಗುವುದೂ ಬೇಡ.

ಉತ್ತರ – ಬೀದರಿನಿಂದ

ನಮ್ಮ ತಾಯಿಯವರಿಗೆ ಲಕ್ವಾ ಆದ ದಿನದ ಮೊದಲ ಇಸಿಜಿಯಲ್ಲಿಯೇ ಏಟ್ರಿಯಲ್ ಫಿಬ್ರಿಲೇಷನ್ ಸಿಕ್ಕಿತು. ಎಕೋ ಮಾಡಿದಾಗ, ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದ್ದದ್ದು ತಿಳಿಯಿತು. ಅಂಥವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಮಾತ್ರೆಗಳಿಗಿಂತ ಹಳೆಯ ವಾರ್ಫರಿನ್ ಸೂಕ್ತವೆಂದು ಅದನ್ನೇ ಕೊಟ್ಟಿದ್ದಾರೆ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕಾದ್ದರಿಂದ ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಓಡಾಟ ತಪ್ಪಿದ್ದಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹವಿದೆ. ಅಂದು ಇಸಿಜಿ ತೆಗೆಯುತ್ತ ಕುಳಿತಿದ್ದರಿಂದ ಚುಚ್ಚುಮದ್ದು ತಡವಾಯಿತು ಎಂದು ನಮ್ಮ ಮಾವನವರು ಇಂದಿಗೂ ಗೊಣಗುತ್ತಾರೆ. ಹಾಗೆ ಆಗುವುದುಂಟೇ? ಹೋಲ್ಟರಿಗೆ ಮಂಗಳವಾರ ಬರಹೇಳಿದ್ದಾರೆ. ಅದಕ್ಕೆ ಸಿದ್ಧತೆ ಏನಾದರೂ ಬೇಕೇ?

ಉತ್ತರ – ತುರ್ತು ಚಿಕಿತ್ಸಾ ವೈದ್ಯೆ, ಕಲಬುರಗಿ

ಆಗಬಾರದು. ಆ ಚುಚ್ಚುಮದ್ದಿಗೆ ರೋಗಲಕ್ಷಣ ಆರಂಭವಾದಂದಿನಿಂದ ನಾಲ್ಕೂವರೆ ಗಂಟೆಗಳ ಅವಧಿಯಿದ್ದು, ಅದರೊಳಗೂ ಬೇಗ ಕೊಟ್ಟಷ್ಟೂ ಲಾಭ ಹೆಚ್ಚು. ಸಾಮಾನ್ಯವಾಗಿ ಅದಕ್ಕೂ ಮೊದಲು ಬೇಕೇ ಬೇಕಾದವು ಸಿಟಿ ಸ್ಕ್ಯಾನ್ ಮತ್ತು ರಕ್ತದ ಸಕ್ಕರೆಯ ಪರೀಕ್ಷೆ; ಸಕ್ಕರೆ ತೀರಾ ಇಳಿದರೂ ಲಕ್ವಾದಂತೆಯೇ ಕಾಣುತ್ತದೆ. ಇಸಿಜಿ ಬೇಕು, ಆದರೆ ಅದಕ್ಕಾಗಿ ಚುಚ್ಚುಮದ್ದನ್ನು ಕಾಯಿಸಬಾರದು ಎಂಬುದು ಒಪ್ಪಿತ ಕ್ರಮ. ನಿಮ್ಮಲ್ಲಿ ತಡವಾಯಿತೋ ಇಲ್ಲವೋ ಎಂಬುದನ್ನು ಕಾಗದದಲ್ಲಿರುವ ವೇಳೆಗಳನ್ನು ನೋಡದೆ ಹೇಳಲಾರೆ.

ಉತ್ತರ – ಇಸಿಜಿ ತಂತ್ರಜ್ಞ, ಯಾದಗಿರಿ

ಕಾಕಾ ಅವರು ಸ್ನಾನ ಮಾಡಿಕೊಂಡೇ ಬರಲಿ, ಯಂತ್ರ ಕಟ್ಟಿದ ಮೇಲೆ ಬಿಚ್ಚುವವರೆಗೆ ಮೈಗೆ ನೀರು ತಾಗಿಸುವಂತಿಲ್ಲ. ಎದೆಗೆ ಎಣ್ಣೆ ಹಚ್ಚಬೇಡಿ. ಮುಂದೆ ಗುಂಡಿಯಿರುವ ಸಡಿಲ ಅಂಗಿ ಇರಲಿ. ಎದೆ ಹೊಡೆದುಕೊಂಡರೆ ಅಥವಾ ತಲೆ ಸುತ್ತಿದರೆ ಆ ವೇಳೆಯನ್ನು ಚೀಟಿಯಲ್ಲಿ ಬರೆದಿಡಿ. ಮಾತ್ರೆಗಳನ್ನು ಮಾತ್ರ, ವೈದ್ಯರು ಹೇಳದ ಹೊರತು, ಪರೀಕ್ಷೆಗೆಂದು ನಿಲ್ಲಿಸಬೇಡಿ.