ಮಗುವಿನ ಹೆಸರಿನ ನಡುವೆ ಯಾರ ಹೆಸರು? ವಕೀಲರೊಂದಿಗೆ ಪ್ರಶ್ನೋತ್ತರ

ನಿರ್ವಾಹಕಿ: ನಾಮಕರಣ ಮುಗಿದರೂ ಮಿಡಲ್ ನೇಮ್ ತೀರ್ಮಾನವಾಗಿಲ್ಲ ಎನ್ನುವ ತಾಯಂದಿರು ಗುಂಪಿನಲ್ಲಿ ಹೆಚ್ಚಾಗಿದ್ದಾರೆ. ಬೆಂಗಳೂರಿನಲ್ಲಿ ಜನನ ನೋಂದಣಿ ಮತ್ತು ಹೆಸರು ತಿದ್ದುಪಡಿಯ ಪ್ರಕರಣಗಳನ್ನು ನೋಡಿಕೊಳ್ಳುವ ನಮ್ಮ ಸದಸ್ಯೆಯೊಬ್ಬರು ಇಂದು ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆಯೊಂದಿಗೆ ಊರಿನ ಹೆಸರನ್ನಷ್ಟೇ ಬರೆಯಿರಿ.

ಧಾರವಾಡ: ಮೇಡಂ, ಮಗಳಿಗೆ ಇಂಚರ ಎಂದು ಹೆಸರಿಟ್ಟಿದ್ದೇವೆ. ನಮ್ಮ ಕಡೆಯ ಪದ್ಧತಿಯಂತೆ ತಂದೆಯ ಹೆಸರು, ಅಡ್ಡಹೆಸರು ಸೇರಿಸಿದರೆ ‘ಇಂಚರ ಮಲ್ಲಿಕಾರ್ಜುನ ಹಿರೇಮಠ’ ಎಂದಾಗುತ್ತದೆ. ಇಷ್ಟು ಎಳೆಯ ಹೆಸರಿನ ಪಕ್ಕದಲ್ಲಿ ಮಲ್ಲಿಕಾರ್ಜುನ ಭಾರವೆನಿಸುತ್ತದೆ. ನಡುವೆ ‘ಶ್ರೀ’ ಎಂದಷ್ಟೇ ಇಡಬಹುದೇ?

ವಕೀಲರು: ಕಾನೂನಿನ ಅಡ್ಡಿಯಿಲ್ಲ. ಆದರೆ ‘ಶ್ರೀ’ಯನ್ನು ಒಂದು ಕಚೇರಿಯವರು ಹೆಸರಿಗೆ ಅಂಟಿಸುತ್ತಾರೆ, ಇನ್ನೊಬ್ಬರು ಬಿಡಿಸಿ ಬರೆಯುತ್ತಾರೆ, ಮತ್ತೊಬ್ಬರು ಗೌರವಸೂಚಕವೆಂದು ತಿಳಿದು ಕೈಬಿಡುತ್ತಾರೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬರುವ ಹೊತ್ತಿಗೆ ಒಬ್ಬಳೇ ಹುಡುಗಿ ಕಾಗದದಲ್ಲಿ ಮೂವರಾಗಿರುತ್ತಾಳೆ. ಕಿವಿಗೆ ಹೊಂದುತ್ತದೆಯೇ ಎಂದು ತಿಳಿಯಬೇಕಾದರೆ ಶಾಲೆಯಲ್ಲಿ ಹಾಜರಿ ಕರೆಯುವಂತೆ ಪೂರ್ತಿ ಹೆಸರನ್ನು ಗಟ್ಟಿಯಾಗಿ ಕೂಗಿ ನೋಡಿ. ಮೂರಕ್ಷರದ ಹಿಂದೆ ಐದಕ್ಷರ ಬಂದರೆ ಕೆಡುವುದಿಲ್ಲ. ಕೆಡುವುದು ಒಂದರ ಕೊನೆಯ ಸ್ವರವೂ ಇನ್ನೊಂದರ ಮೊದಲ ಸ್ವರವೂ ಒಂದೇ ಆದಾಗ. ‘ಅನನ್ಯಾ ಆನಂದ’ ಎಂದು ಅವಸರದಲ್ಲಿ ಕರೆದರೆ ಸವರ್ಣದೀರ್ಘ ಸಂಧಿಯಾಗಿ ಯಾವುದೋ ಮಠದ ಅನನ್ಯಾನಂದ ಸ್ವಾಮಿಗಳು ಎದ್ದು ಬರುತ್ತಾರೆ. ಇಂಗ್ಲಿಷ್ ಮೊದಲಕ್ಷರಗಳನ್ನೂ ಒಮ್ಮೆ ಸಾಲಾಗಿ ಬರೆದು ನೋಡಿ: ‘ಈಶಾನ ಮಂಜುನಾಥ ಇಟಗಿ’ ಎಂಬ ಮಗು ಜೀವನವಿಡೀ ಇಎಂಐ ಆಗಿರಬೇಕಾಗುತ್ತದೆ. ನಿಮ್ಮ ಮಲ್ಲಿಕಾರ್ಜುನ ಹಾಗೆಯೇ ಇರಲಿ.

ಮೈಸೂರು: ಮೊಮ್ಮಗನಿಗಾಗಿ ಕೇಳುತ್ತಿದ್ದೇನೆ. ನಮ್ಮ ಕಾಲದಲ್ಲಿ ಹಿಂದೆ ಎರಡು ಇನಿಷಿಯಲ್ ಇದ್ದರೆ ಸಾಕಾಗಿತ್ತು. ಈ ಮಿಡಲ್ ನೇಮ್ ಪರದೇಶದ ಗೀಳಲ್ಲವೇ?

ವಕೀಲರು: ಅಲ್ಲ ಸರ್. ದ. ರಾ. ಬೇಂದ್ರೆಯವರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಕುವೆಂಪು ಅವರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಜನರಲ್ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಧಾರವಾಡದಲ್ಲಿ ಅಡ್ಡಹೆಸರು ಕೊನೆಗೆ, ಮಲೆನಾಡಿನಲ್ಲಿ ಊರು ಮೊದಲಿಗೆ, ಕೊಡಗಿನಲ್ಲಿ ಮನೆತನ ಮೊದಲಿಗೆ ಬಂದರೂ ನಡುವೆ ಕುಳಿತಿರುವುದು ಮೂರರಲ್ಲೂ ತಂದೆಯೇ. ತೊಂದರೆಯಿರುವುದು ಇನಿಷಿಯಲ್‌ನಲ್ಲಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಅದನ್ನು ಬಿಡಿಸಿ ಬರೆಯಬೇಕಾಗುತ್ತದೆ, ಆಗ ಜನನ ಪ್ರಮಾಣಪತ್ರಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲದಕ್ಕೂ ಜನ್ಮದಿನಾಂಕದ ಮೂಲ ದಾಖಲೆ ಜನನ ಪ್ರಮಾಣಪತ್ರವೇ. ಮೊದಲ ದಿನವೇ ಪೂರ್ತಿ ಬರೆಸಿ.

ದಾವಣಗೆರೆ: ಹೆಸರು ನಿರ್ಧಾರವಾಗದಿದ್ದರೆ 21 ದಿನದೊಳಗೆ ನೋಂದಣಿ ಹೇಗೆ?

ವಕೀಲರು: ಹೆಸರಿಲ್ಲದೆಯೇ ನೋಂದಣಿಯಾಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಅನಂತರ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು.

ಡಲ್ಲಾಸ್: ಇಲ್ಲಿಯ ಫಾರ್ಮಿನಲ್ಲಿ ಮೂರು ಖಾನೆಗಳಿವೆ. ಪತಿಗೆ ಅಡ್ಡಹೆಸರಿಲ್ಲ. ಮಗನಿಗೆ ಏನು ಬರೆಸುವುದು?

ವಕೀಲರು: ಮಗುವಿನ ಹೆಸರು ಮೊದಲು, ಪತಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆಯಲ್ಲಿರುವುದು ಕೊನೆಗೆ, ನಡುವೆ ಬೇಕಾದರೆ ಅಜ್ಜನ ಹೆಸರನ್ನೋ ಊರಿನ ಹೆಸರನ್ನೋ ಇಡಿ. ಒಂದೇ ಪದದ ಹೆಸರು ಮಾತ್ರ ಬೇಡ, ಏಕೆಂದರೆ ಅಮೆರಿಕದ ವೀಸಾದಲ್ಲಿ ಅಂಥವರಿಗೆ ‘ಎಫ್‌ಎನ್‌ಯು’ ಎಂದು ಬೀಳುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು. ಯುಎಇ ಕೂಡ 2022ರ ನವೆಂಬರಿನಿಂದ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದನ್ನು ನಿಲ್ಲಿಸಿದೆ.

ತುಮಕೂರು: ನಾನು ಏಳು ತಿಂಗಳ ಗರ್ಭಿಣಿಯಾಗಿದ್ದಾಗ ಪತಿ ತೀರಿಕೊಂಡರು. ಮಗನಿಗೆ ಈಗ ಹತ್ತು ತಿಂಗಳು, ಚಿರಂತನ ಎಂದು ಕರೆಯುತ್ತೇವೆ. ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿಯಿದೆ. ಮರುಮದುವೆಯ ಮಾತುಕತೆ ನಡೆದಿದೆ. ಆ ಮನೆಯವರು ತಮ್ಮ ಮಗನ ಹೆಸರನ್ನೇ ಈಗಲೇ ನಡುವೆ ಬರೆಸಿದರೆ ಮುಂದೆ ಸುಲಭವೆನ್ನುತ್ತಾರೆ. ಅತ್ತೆಯವರಿಗೆ ಇದು ತಿಳಿದಿಲ್ಲ.

ವಕೀಲರು: ತಾಯೀ, ಈ ವಾರ ಯಾವ ಅರ್ಜಿಗೂ ಸಹಿ ಹಾಕಬೇಡಿ. ನಿಮಗೆ ಸುಮಾರು ಎರಡು ತಿಂಗಳು ಸಮಯವಿದೆ, ಅದು ದಾಟಿದರೂ ತಡದ ಶುಲ್ಕ ಬೀಳುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಮಗುವಿನ ಹೆಸರಿನ ಖಾನೆ ಬೇರೆ, ತಂದೆಯ ಹೆಸರಿನ ಖಾನೆ ಬೇರೆ; ಎರಡನೆಯದರಲ್ಲಿ ನಿಮ್ಮ ದಿವಂಗತ ಪತಿಯ ಹೆಸರು ಇದೆಯೇ, ಕಾಗುಣಿತ ಸರಿಯಿದೆಯೇ ಎಂದು ಮೊದಲು ನೋಡಿ. ಮರುಮದುವೆಯಿಂದ ಆ ಖಾನೆ ಬದಲಾಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೆಯ ಕಲಮಿನ ಪ್ರಕಾರ, ಉಯಿಲು ಬರೆಯದೆ ತಂದೆ ತೀರಿಕೊಂಡಾಗ ಗರ್ಭದಲ್ಲಿದ್ದು ಅನಂತರ ಜೀವಂತವಾಗಿ ಹುಟ್ಟಿದ ಮಗುವಿಗೆ, ಮೊದಲೇ ಹುಟ್ಟಿದ್ದರೆ ಎಷ್ಟು ಹಕ್ಕಿರುತ್ತಿತ್ತೋ ಅಷ್ಟೇ ಹಕ್ಕಿದೆ. ನಡುಹೆಸರಿನಿಂದ ಆ ಹಕ್ಕು ಹೋಗುವುದಿಲ್ಲ ನಿಜ, ಆದರೆ ನಾಳೆ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಆಸ್ತಿಯ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ವಂಶವೃಕ್ಷ ಹಿಡಿದು ನಿಂತಾಗ ‘ಹುಡುಗನ ಹೆಸರಿನಲ್ಲಿ ಬೇರೆಯವರ ಹೆಸರಿದೆಯಲ್ಲ’ ಎಂದು ತಕರಾರು ಎತ್ತುವವರಿಗೆ ನೀವೇ ಹಿಡಿ ಕೊಟ್ಟಂತಾಗುತ್ತದೆ. ಇನ್ನೂ ನಿಮ್ಮ ಪತಿಯಾಗದವರ ಹೆಸರನ್ನು ಮಗುವಿಗೆ ಕಟ್ಟುವ ಅವಸರ ಅವರಿಗೇಕೆ ಎಂಬುದೂ ನನಗೆ ಅರ್ಥವಾಗುತ್ತಿಲ್ಲ. ಅವರು ಮಗುವನ್ನು ತಮ್ಮದಾಗಿಸಿಕೊಳ್ಳಲು ಬಯಸಿದರೆ ಅದಕ್ಕೆ ದತ್ತಕದ ವಿಧಿ ಬೇರೆಯೇ ಇದೆ. ಇನ್ನು ನಿರ್ಧಾರ ಯಾರದೆಂದರೆ, ನಿಮ್ಮದು; ಅತ್ತೆಯವರದೂ ಅಲ್ಲ. ಮರುಮದುವೆಯಾದ ವಿಧವೆಯೊಬ್ಬರ ಪ್ರಕರಣದಲ್ಲಿ, ಅಕೆಲ್ಲಾ ಲಲಿತಾ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ 2022ರಲ್ಲಿ ಮಗುವಿನ ಸರ್‌ನೇಮ್ ನಿರ್ಧರಿಸುವ ಹಕ್ಕು ಏಕೈಕ ಸಹಜ ಪೋಷಕಿಯಾದ ತಾಯಿಗಿದೆ ಎಂದಿದೆ. ಪತಿಯ ಹೆಸರನ್ನಿಡಿ, ಇಲ್ಲವೇ ನಿಮ್ಮ ಹೆಸರನ್ನಿಡಿ. ಕರಡನ್ನು ನನಗೆ ಖಾಸಗಿಯಾಗಿ ಕಳುಹಿಸಿ, ಶುಲ್ಕದ ಮಾತು ಬೇಡ.

ಮೈಸೂರು: ತಾಯಿಯ ಹೆಸರನ್ನು ನಡುವೆ ಇಡುವುದು ಎಲ್ಲಿಯ ಸಂಪ್ರದಾಯ?

ಶಿರಸಿ: ಬನವಾಸಿಯ ಕದಂಬರು ಶಾಸನಗಳಲ್ಲಿ ತಮ್ಮನ್ನು ಹಾರಿತೀಪುತ್ರರೆಂದು, ಅಂದರೆ ಹಾರಿತಿ ಎಂಬ ತಾಯಿಯ ಮಕ್ಕಳೆಂದು, ಕರೆದುಕೊಂಡಿದ್ದಾರೆ. ನಮ್ಮ ಸಂಪ್ರದಾಯವೇ.

ಮೈಸೂರು: ರಾಜರ ಶಾಸನ ರೇಷನ್ ಕಾರ್ಡಿಗೆ ಬರುವುದಿಲ್ಲ.

ಶಿರಸಿ: ಬಾಣಂತನ ಮಾಡಿಕೊಂಡವರ ಹೆಸರು ಬರಬಾರದು, ನಿಮ್ಮದು ಮಾತ್ರ ಬರಬೇಕು ಎಂದು ನೇರವಾಗಿ ಹೇಳಿಬಿಡಿ.

ನಿರ್ವಾಹಕಿ: ಇಬ್ಬರೂ ದಯವಿಟ್ಟು ನಿಲ್ಲಿಸಿ.

ಹಾಸನ: ಮನೆದೇವರ ಹೆಸರನ್ನು ನಡುವೆ ಸೇರಿಸಿದರೆ ನಾಲ್ಕು ಪದವಾಗುತ್ತದೆ. ಪರವಾಗಿಲ್ಲವೇ?

ಬಳ್ಳಾರಿ: ಗುಂಪಿಗೆ ಬಂದ ಮಾಹಿತಿ. ಮಿಡಲ್ ನೇಮ್‌ಗೆ ಇಂಗ್ಲಿಷಿನಲ್ಲಿ ಒಂದು ‘ಎ’, ಒಂದು ‘ಹೆಚ್’ ಹೆಚ್ಚಿಗೆ ಸೇರಿಸಿದರೆ ದೋಷ ಪರಿಹಾರವಾಗುತ್ತದೆ; ಮುಂದೆ ಬೇಡವಾದರೆ ಅಫಿಡವಿಟ್ ಮಾಡಿಸಿ ತೆಗೆಸಬಹುದು. ಎಲ್ಲರಿಗೂ ಕಳುಹಿಸಿ.

ವಕೀಲರು: ಯಾರಿಗೂ ಕಳುಹಿಸಬೇಡಿ. ಅಂಥ ಹೆಚ್ಚಿನ ಅಕ್ಷರಗಳನ್ನು ತೆಗೆಸಲು ಬರುವವರಿಂದಲೇ ನನ್ನ ಕಚೇರಿಯ ಬಾಡಿಗೆ ಹುಟ್ಟುತ್ತಿದೆ. ಜನನ ಮರಣ ನೋಂದಣಿ ಕಾಯ್ದೆಯ 15ನೆಯ ಕಲಂ ಇರುವುದು ತಪ್ಪನ್ನು ತಿದ್ದಲು, ಮನಸ್ಸು ಬದಲಾದುದನ್ನು ತಿದ್ದಲು ಅಲ್ಲ. ನಕ್ಷತ್ರಕ್ಕೆ ಹೊಂದಲಿಲ್ಲವೆಂದು ಹೆಸರು ಬದಲಿಸಲು ಹೊರಟ ಪೋಷಕರು ಕರ್ನಾಟಕ ಹೈಕೋರ್ಟಿನವರೆಗೆ ಹೋಗಬೇಕಾಯಿತು. 2025ರಲ್ಲಿ ನ್ಯಾಯಾಲಯವು ಕಾನೂನು ಬದಲಾಗುವವರೆಗೆ ಪೋಷಕರ ಕೋರಿಕೆಯನ್ನು ಪರಿಶೀಲಿಸಿ ಹಳೆಯ, ಹೊಸ ಹೆಸರುಗಳೆರಡನ್ನೂ ದಾಖಲಿಸುವಂತೆ ಹೇಳಿದೆ. ಎರಡೂ ಹೆಸರು ಉಳಿಯುತ್ತವೆ, ಗಮನಿಸಿ.

ಬಳ್ಳಾರಿ: ನಂಬಿಕೆಯಿರುವವರಿಗೆ ಹೇಳಿದ್ದು. ನಿಮಗೆ ಬೇಡವಾದರೆ ಬಿಡಿ.

ಕೋಲಾರ: ಆರಿದ್ರಾ ಮೂರನೆಯ ಪಾದಕ್ಕೆ ‘ಙ’ ಬಂದಿದೆ. ‘ಙ’ದಿಂದ ಹೆಸರೆಲ್ಲಿ ಹುಡುಕುವುದು? ನಡುವೆಯಾದರೂ ಇಡಲೇಬೇಕೆಂದು ಪುರೋಹಿತರು ಹೇಳಿದ್ದಾರೆ.

ವಕೀಲರು: ನಕ್ಷತ್ರನಾಮವನ್ನು ಕಿವಿಯಲ್ಲಿ ಹೇಳಿ, ಅಕ್ಕಿಯ ಮೇಲೆ ಬರೆಯಿರಿ. ಫಾರ್ಮಿನಲ್ಲಿ ಬೇಡ.

ರಾಯಚೂರು: ಮೇಡಂ, ಹೆಸರಿಲ್ಲದೆ ನೋಂದಣಿ ಮಾಡಿಸಬಹುದೇ?

ವಕೀಲರು: ಮೇಲೆ ದಾವಣಗೆರೆಯವರಿಗೆ ಕೊಟ್ಟ ಉತ್ತರ ಓದಿ.

ದಾವಣಗೆರೆ: ಹಾಗಾದರೆ ಮಿಡಲ್ ನೇಮ್ ಕಡ್ಡಾಯವೇ?

ವಕೀಲರು: ಅಲ್ಲ.

ಮೈಸೂರು: ಕಡ್ಡಾಯವಲ್ಲವೆಂದ ಮೇಲೆ ಇಷ್ಟು ಹೊತ್ತು ಚರ್ಚಿಸಿದ್ದೇಕೆ?

ಹಾಸನ: ನಾಲ್ಕು ಪದದ ಬಗ್ಗೆ ಕೇಳಿದ್ದೆ.

ತುಮಕೂರು: ಮೇಡಂ, ತಂದೆಯ ಖಾನೆ ನೋಡಿದೆ. ಪತಿಯ ಹೆಸರಿನಲ್ಲಿ ಒಂದಕ್ಷರ ತಪ್ಪಿದೆ.

ವಕೀಲರು: ಅದು ತಪ್ಪು, ಅದನ್ನು 15ನೆಯ ಕಲಮಿನಡಿ ತಿದ್ದಿಸಬಹುದು. ಮೊದಲು ಅದು, ಆಮೇಲೆ ಮಗುವಿನ ಹೆಸರು. ನಾಳೆ ಹತ್ತು ಗಂಟೆಯ ನಂತರ ಕರೆ ಮಾಡಿ.