ಬಲ್ಬು ರೇಡಿಯೋದ ‘ತಂಟೆ’ಗೆ ಬಂದರೆ: ಇಂಟರ್‌ಫಿಯರೆನ್ಸ್‌ಗೆ ಈ ಪದ ನಡೆಯುತ್ತಾ?

ಗೆಳೆಯರೇ,

ಒಂದು ಪದ ಬೇಕಾಗಿದೆ. ನಾನು ಹ್ಯಾಮ್ ರೇಡಿಯೋ ಹವ್ಯಾಸಿ, ಅಂದರೆ ಲೈಸೆನ್ಸ್ ಪಡೆದು ಸ್ವಂತ ಸೆಟ್ಟಿನಿಂದ ದೂರದವರ ಜೊತೆ ರೇಡಿಯೋದಲ್ಲಿ ಮಾತಾಡುವವನು. ಹೊಸದಾಗಿ ಲೈಸೆನ್ಸ್ ತೆಗೆದುಕೊಂಡ ನಾಲ್ಕಾರು ಹುಡುಗರಿಗೆ ಕನ್ನಡದಲ್ಲಿ ಒಂದು ಚಿಕ್ಕ ಟಿಪ್ಪಣಿ ಬರೆದುಕೊಡುತ್ತಿದ್ದೇನೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ವೈಫೈ ಡಬ್ಬಿಯ ಅಡಾಪ್ಟರು ಇವೆಲ್ಲ ರೇಡಿಯೋ ಕೇಳುವವರಿಗೆ ಕೊಡುವ ತೊಂದರೆಯ ಬಗ್ಗೆ. ಇಂಗ್ಲಿಷಿನಲ್ಲಿ ಇಂಟರ್‌ಫಿಯರೆನ್ಸ್ ಅಂದುಬಿಟ್ಟರೆ ಮುಗಿಯಿತು. ಕನ್ನಡದಲ್ಲಿ ಮೊದಲ ಸಾಲಿಗೇ ಪೆನ್ನು ನಿಂತಿತು.

ಪಿಯುಸಿಯಲ್ಲಿ ಓದಿದ ‘ವ್ಯತಿಕರಣ’ ನೆನಪಾಯಿತು. ಆದರೆ ಅದು ಎರಡು ಸೀಳುಗಳಿಂದ ಬಂದ ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದು ಪಟ್ಟೆ ಪಟ್ಟೆಯಾಗಿ ಕಾಣುವ ಸಂಗತಿ. ಅಲ್ಲಿ ಯಾರಿಗೂ ತೊಂದರೆ ಇಲ್ಲ. ‘ಹಸ್ತಕ್ಷೇಪ’ ಅಂದರೆ ವರ್ಗಾವಣೆಯಲ್ಲಿ ಕೈಹಾಕುವ ರಾಜಕಾರಣಿ ಕಣ್ಣಿಗೆ ಬರುತ್ತಾರೆ. ‘ಅಡಚಣೆ’ ಪರವಾಗಿಲ್ಲ. ಆದರೂ ಅದನ್ನು ಕೇಳಿದರೆ ಕಾರ್ಯಕ್ರಮವೇ ನಿಂತುಹೋದ ಹಾಗೆ ಅನ್ನಿಸುತ್ತದೆ. ಇಲ್ಲಿ ನಿಲ್ಲುವುದಿಲ್ಲ. ಮಾತು ಬರುತ್ತಲೇ ಇರುತ್ತದೆ, ಅದರ ಮೇಲೆ ಇನ್ನೊಂದು ಬಂದು ಕೂರುತ್ತದೆ.

ಹಾಗಾಗಿ ಇಷ್ಟು ದಿನ ‘ಗದ್ದಲ’ ಅನ್ನುತ್ತಿದ್ದೆ. ಅದು ಕೈಕೊಟ್ಟ ಕತೆ ಹೇಳುತ್ತೇನೆ.

ಕಳೆದ ತಿಂಗಳು 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಸಂಜೆ ಆರೂವರೆ ಆಯಿತೆಂದರೆ ಏನೂ ಕೇಳುತ್ತಿರಲಿಲ್ಲ. ಸಿಗ್ನಲ್ಲಿನ ಬಲ ತೋರಿಸುವ ಮೀಟರಿನ ಮುಳ್ಳು ಎಸ್ 7ರಲ್ಲಿ ಅಂಟಿಕೊಂಡಿರುತ್ತಿತ್ತು. ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಸೆಟ್ಟನ್ನು ಬ್ಯಾಟರಿಗೆ ಹಾಕಿ ಕೇಳಿದೆ. ಸ್ವಲ್ಪ ಇಳಿಯಿತು, ಪೂರ್ತಿ ಹೋಗಲಿಲ್ಲ. ಅಂದರೆ ಒಂದು ಪಾಲು ನಮ್ಮದೇ, ಇನ್ನೊಂದು ಹೊರಗಿನದು. ಚಿಕ್ಕ ಟ್ರಾನ್ಸಿಸ್ಟರ್ ಹಿಡಿದು ಕಾಂಪೌಂಡಿನ ಉದ್ದಕ್ಕೂ ನಡೆದೆ. ಪಕ್ಕದ ಮನೆಯ ಗೇಟಿನ ಬಲ್ಬಿನ ಹತ್ತಿರ ಹೋದಾಗ ಅದು ಜೋರಾಗಿ ಸೊಂಯ್ ಅಂತು.

ಅಲ್ಲಿಯ ಅಜ್ಜಿಗೆ ಹೇಳಿದೆ: “ಅಜ್ಜಿ, ನಿಮ್ಮ ಗೇಟಿನ ಬಲ್ಬು ಗದ್ದಲ ಮಾಡ್ತಿದೆ.” ಅವರು ಬಲ್ಬಿನ ಕೆಳಗೆ ನಿಂತು ಕಿವಿಗೊಟ್ಟರು. “ಏನೂ ಕೇಳಿಸ್ತಿಲ್ವಲ್ಲಪ್ಪಾ!” ಸರಿಯೇ. ಬಲ್ಬು ಸದ್ದು ಮಾಡುವುದಿಲ್ಲ, ಸದ್ದು ಮಾಡುವುದು ನನ್ನ ರೇಡಿಯೋ. ಹತ್ತು ನಿಮಿಷ ವಿವರಿಸಿದೆ. ಎಲ್ಲ ಕೇಳಿ ಅಜ್ಜಿ ಅಂದರು: “ಅಂದ್ರೆ ನಮ್ಮ ಬಲ್ಬು ನಿನ್ನ ರೇಡಿಯೋ ತಂಟೆಗೆ ಬರ್ತಿದೆ ಅನ್ನು.”

ಅದೇ ಪದ! ತನ್ನ ಪಾಡಿಗೆ ಇರಬೇಕಾದದ್ದು ಇನ್ನೊಬ್ಬರ ಜಾಗಕ್ಕೆ ಬಂದರೆ ತಂಟೆ. ಹಸ್ತಕ್ಷೇಪದ ಹಾಗೆ ಇದರಲ್ಲೂ ಬೇಕೆಂದೇ ಮಾಡುವ ಅರ್ಥ ಇಲ್ಲವೇ ಅಂತ ಕೇಳಬಹುದು. ಇದೆ. ಆದರೆ ಮಕ್ಕಳ ತಂಟೆಯಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ ಅಲ್ವಾ? ಚಾರ್ಜರಿನದೂ ಹಾಗೇ. ಅದು 230 ವೋಲ್ಟನ್ನು 5 ವೋಲ್ಟಿಗೆ ಇಳಿಸಲು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ, ಕೆಲವೊಮ್ಮೆ ಲಕ್ಷಕ್ಕೂ ಜಾಸ್ತಿ ಸಲ, ಆಫ್ ಆನ್ ಮಾಡುತ್ತದೆ. ಆ ಚುರುಕು ಹೊಡೆತದಿಂದ ಎರಡರಷ್ಟು, ಮೂರರಷ್ಟು, ನೂರರಷ್ಟು ಆವರ್ತನಗಳೂ ಹುಟ್ಟುತ್ತವೆ. ಅವನ್ನು ಒಳಗೇ ತಡೆಯುವ ಫಿಲ್ಟರ್ ಬಿಡಿಭಾಗಗಳನ್ನು ಅಗ್ಗದ ಮಾಲಿನಲ್ಲಿ ಎಷ್ಟೋ ಸಲ ಹಾಕದೇ ಬಿಡುತ್ತಾರೆ. ಆಮೇಲೆ ಮನೆಯ ವೈರಿಂಗೇ ಆಂಟೆನಾ.

‘ಗದ್ದಲ’ವನ್ನು ಬಿಡುತ್ತಿಲ್ಲ. ಅದನ್ನು ನಾಯ್ಸ್‌ಗೆ ಇಟ್ಟುಕೊಳ್ಳೋಣ. ಹ್ಯಾಮ್‌ಗಳ ಸಂಕೇತದಲ್ಲೂ ಈ ಭೇದ ಹಳೆಯದು: ಬೇರೆ ನಿಲಯದವರು ಮೇಲೆ ಬಂದರೆ ಕ್ಯೂಆರ್‌ಎಂ, ಗುಡುಗು ಮಿಂಚಿನ ಚಟಚಟಕ್ಕೆ ಕ್ಯೂಆರ್‌ಎನ್. ಮಿಂಚು ಯಾರ ತಂಟೆಗೂ ಬರುವುದಿಲ್ಲ, ಸುಮ್ನೆ ಗದ್ದಲ ಮಾಡುತ್ತದೆ. ಬಲ್ಬು ತಂಟೆ ಮಾಡುತ್ತದೆ. ಹೀಗೆ ಹೇಳಿದ ಮೇಲೆ ಹುಡುಗರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ತೊಂದರೆ ಕೊಡುವ ಸಾಧನಕ್ಕೆ ‘ತಂಟೆಕೋರ’ ಅಂತ ಅವರೇ ಹೆಸರಿಟ್ಟರು. “ಸರ್, ತಂಟೆಕೋರ ಸಿಕ್ಕಿದ, ಟಿವಿ ಹಿಂದೆ ಇದ್ದ” ಅಂತ ಮೆಸೇಜ್ ಬರುತ್ತದೆ.

ಸದ್ದಿನ ಪದಗಳಲ್ಲಂತೂ ಕನ್ನಡಕ್ಕೆ ಬಡತನವೇ ಇಲ್ಲ. ಸೊಂಯ್ ಅಂದರೆ ಚಾರ್ಜರ್ ಅಥವಾ ಬಲ್ಬನ್ನು ಹುಡುಕು. ಗರ್ರ್ ಅಂದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ನೋಡು. ಅಂಥ ಹಲವು ರೆಗ್ಯುಲೇಟರುಗಳು ಸೆಕೆಂಡಿಗೆ 100 ಸಲ ಕರೆಂಟು ಕತ್ತರಿಸುತ್ತವೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹಾಕಿಕೊಂಡು ಅಂಥ ಫ್ಯಾನಿನ ವೇಗ ಇಳಿಸಿ ನೋಡಿ, ಗೊತ್ತಾಗುತ್ತದೆ. ಇವನ್ನೆಲ್ಲ ಟಿಪ್ಪಣಿಯಲ್ಲಿ ಹಾಗೇ ಬರೆದಿದ್ದೇನೆ. ಮಾಪನದ ಭಾಷೆಗಿಂತ ಇದೇ ಬೇಗ ದಾರಿ ತೋರಿಸುತ್ತದೆ ಅಂತ ನನ್ನ ಅನಿಸಿಕೆ.

‘ಇಂಗ್ಲಿಷ್ ಪದವೇ ಇರಲಿ ಬಿಡಿ’ ಅನ್ನುವವರಿಗೆ: ನಾನು ರೇಡಿಯೋವನ್ನು ಬಾನುಲಿ ಮಾಡಲು ಹೊರಟಿಲ್ಲ. ಚೋಕು, ಅರ್ತಿಂಗ್, ಆಂಟೆನಾ ಎಲ್ಲ ಹಾಗೇ ಇರಲಿ. ಟ್ಯೂಬ್‌ಲೈಟ್ ಕಾಲದಿಂದ ಚೋಕು ಯಾರಿಗೆ ಗೊತ್ತಿಲ್ಲ? ಇರುವ ಪದ ಸರಿಯಾಗಿ ಕೂರುತ್ತಿರುವಾಗ ಯಾಕೆ ಬಿಡಬೇಕು ಅನ್ನುವುದಷ್ಟೇ ನನ್ನ ಮಾತು.

ನನ್ನ ಅನುಮಾನಗಳು ಎರಡು. ‘ತಂಟೆ ತಕರಾರು’ ಅಂದಾಗ ತಂಟೆಗೆ ಜಗಳದ, ವ್ಯಾಜ್ಯದ ಬಣ್ಣ ಬರುತ್ತದೆ. ಜಮೀನಿನ ಪತ್ರಗಳಲ್ಲೂ ನೋಡಿದ್ದೇನೆ. ನಿಮ್ಮ ಕಡೆ ಒಂಟಿಯಾಗಿ ‘ತಂಟೆ’ ಅಂದರೆ ಮೊದಲು ಯಾವ ಅರ್ಥ ಹೊಳೆಯುತ್ತದೆ? ಮಂಗಳೂರು ಕಡೆಯ ಗೆಳೆಯರೊಬ್ಬರು ‘ಉಪದ್ರ’ ಸಾಕಲ್ಲ ಮಾರಾಯ್ರೆ ಅಂದರು. ನನಗೆ ಉಪದ್ರ ಅಂದರೆ ಬರೀ ಕಿರಿಕಿರಿ. ಇನ್ನೊಬ್ಬರ ಜಾಗಕ್ಕೆ ನುಗ್ಗುವುದು ಅದರಲ್ಲಿ ಕಾಣುವುದಿಲ್ಲ. ಕರಾವಳಿಯವರು ಹೇಳಬೇಕು.

ಎರಡನೆಯದು ಫೆರೈಟ್, ಅಂದರೆ ಕಬ್ಬಿಣದ ಆಕ್ಸೈಡಿನಿಂದ ಮಾಡಿದ ಕಾಂತೀಯ ತುಂಡು. ಲ್ಯಾಪ್‌ಟಾಪ್ ವೈರಿನ ತುದಿಯಲ್ಲಿ ಉಬ್ಬಿಕೊಂಡಿರುತ್ತಲ್ಲ, ಅದರೊಳಗೆ ಇರುವುದು. ತಂಟೆ ತಡೆಯುವ ಸುಲಭದ ಮದ್ದು. ವೈರನ್ನು ದೊಡ್ಡ ಫೆರೈಟಿನ ಒಳಗೆ ಒಂದು ಸಲದ ಬದಲು ಮೂರು ಸಲ ತೂರಿಸಿದರೆ ತಡೆ ಸುಮಾರು ಒಂಬತ್ತರಷ್ಟಾಗುತ್ತದೆ. ಅಜ್ಜಿಯ ಬಲ್ಬನ್ನು ಬದಲಾಯಿಸಿಕೊಟ್ಟೆ, ನಮ್ಮ ಮನೆಯ ಅಡಾಪ್ಟರಿಗೆ ಇದನ್ನು ಸುತ್ತಿದೆ. ಮುಳ್ಳು ಈಗ ಎಸ್ 3. ಚಿಕ್ಕದನ್ನು ‘ಫೆರೈಟ್ ಮಣಿ’ ಅಂತ ಬರೆದಿದ್ದೇನೆ. ವೈರು ಸುತ್ತುವ ದೊಡ್ಡದನ್ನು ‘ಉಂಗುರ’ ಅನ್ನಲೋ ‘ಬಳೆ’ ಅನ್ನಲೋ? ಬೆರಳಿಗೆ ದೊಡ್ಡದು, ಕೈಗೆ ಚಿಕ್ಕದು.